ಶಾಕವ್ರತಕ್ಕೆ ಬಿಟ್ಟ ಪುಡಿ

ಮೇಧಾ, ಪ್ರಣವ, ಇದನ್ನು ಓದುವಾಗ ನೀವಿಬ್ಬರೂ ನಗುತ್ತೀರೆಂದು ನನಗೆ ಗೊತ್ತು. ನಗಿರಿ. ಎದುರಿಗೆ ಕೂತು ಹೇಳಲು ಹೋದರೆ ನನ್ನ ಬಾಯಿ ಒಣಗುತ್ತದೆ. ಅರ್ಧಕ್ಕೇ ಎದ್ದು, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿ.ಪಿ. ಇರುವ ಹಾಗೆ ನನಗೆ ನಾಚಿಕೆ. ಹುಟ್ಟಿದಾಗಿನಿಂದ ಇದೆ, ಇದಕ್ಕೆ ಮಾತ್ರೆಯಿಲ್ಲ. ಊರ ಶಾಲೆಯಲ್ಲಿ ಮಾಸ್ತರರು ಮಗ್ಗಿ ಹೇಳೆಂದರೆ ಹದಿಮೂರರ ಮಗ್ಗಿಯನ್ನು ಮನಸ್ಸಿನೊಳಗೇ ತಪ್ಪಿಲ್ಲದೆ ಹೇಳಿ ಮುಗಿಸಿ, ಹೊರಗೆ ಒಂದಕ್ಷರ ಬಿಡದೆ ಅಂಗೈ ಚಾಚಿ ಛಡಿ ಏಟು ತಿಂದವಳು ನಾನು. ಏಟು ತಿನ್ನುವುದು ಸುಲಭ, ಅದಕ್ಕೆ ಮಾತಾಡಬೇಕಾಗಿಲ್ಲ.

ಇಂಥವಳಿಗೆ ಡಾಕ್ಟರೆಂದರೆ ಮಾಸ್ತರರಿಗಿಂತ ಕಷ್ಟ. ಚಿಕ್ಕಂದಿನಲ್ಲಿ ನನ್ನ ಜ್ವರವನ್ನು ನಮ್ಮವ್ವ ಹೇಳುತ್ತಿದ್ದಳು. ಮದುವೆಯಾದ ಮೇಲೆ ನನ್ನ ಹೊಟ್ಟೆನೋವನ್ನು ನಮ್ಮ ಅತ್ತೆ ಹೇಳುತ್ತಿದ್ದರು. ಹೊಟ್ಟೆಯ ಯಾವ ಬದಿ ನೋಯುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ, ಆದರೆ ಧೈರ್ಯವಾಗಿ ಹೇಳುತ್ತಿದ್ದರು. ಒಮ್ಮೆ ನನಗೆ ಬಲಕ್ಕೆ ನೋಯುತ್ತಿದ್ದರೆ ಅವರು ಎಡಕ್ಕೆ ಎಂದರು. ಡಾಕ್ಟರು ಎಡಕ್ಕೆ ಒತ್ತಿ ನೋಡಿ ಔಷಧಿ ಕೊಟ್ಟರು. ಹಿರಿಯರ ಮಾತು ಸುಳ್ಳಾಗಬಾರದೆಂದು ನಾನು ವಾಸಿಯೂ ಆದೆ. ನಿಮ್ಮ ಅಜ್ಜ ಇದ್ದಷ್ಟು ದಿನ ಅವರು ಹೇಳಿದರು. ಅವರು ಹೋಗಿ ನಾನು ಹೈದರಾಬಾದಿಗೆ ಬಂದ ಮೇಲೆ ನಿಮ್ಮ ಅಮ್ಮ ವಾಣಿ ಹೇಳುತ್ತಾಳೆ, ಅದೂ ತೆಲುಗಿನಲ್ಲಿ. ಹೀಗಾಗಿ ಅರವತ್ತೆಂಟು ವರ್ಷಗಳಲ್ಲಿ ನನ್ನ ದೇಹದ ಒಂದು ದೂರನ್ನೂ ನಾನೇ ಸ್ವತಃ ಸಲ್ಲಿಸಿದ್ದಿಲ್ಲ.

ಮೊಣಕಾಲಿನ ವಿಷಯವೂ ಹಾಗೇ ಸುಮ್ಮನೆ ಎರಡು ವರ್ಷ ನಡೆಯಿತು. ನಡೆಯಿತು ಎನ್ನುವುದು ತಪ್ಪು, ಕುಂಟಿತು. ಅದನ್ನು ಮೊದಲು ಕಂಡುಹಿಡಿದವಳು ಪದ್ದಕ್ಕ. ನಮ್ಮ ದಿಲ್‌ಸುಖ್‌ನಗರದ ಈ ಕಟ್ಟಡದಲ್ಲಿ ನಾವು ಮೂರನೆಯ ಮಹಡಿ, ಅವಳು ಎರಡನೆಯದು. ರಾಯಚೂರ ಕಡೆಯವಳು. ಪ್ರತಿ ಗುರುವಾರ ಮಧ್ಯಾಹ್ನ ಅವಳ ಮನೆಯಲ್ಲಿ ನಮ್ಮ ಭಜನಾ ಮಂಡಳಿ ಸೇರುತ್ತದೆ. ದೇವರು ನಾಚಿಕೆ ಹಂಚುವಾಗ ಪದ್ದಕ್ಕ ಬಹುಶಃ ಸಾಲು ಬಿಟ್ಟು ಎದ್ದುಹೋಗಿದ್ದಳು. ಅವಳ ಪಾಲನ್ನೂ ನನಗೇ ಬಡಿಸಿದ್ದಾನೆ. ಒಂದು ಗುರುವಾರ ನಾನು ಜಮಖಾನದ ಮೇಲೆ ಕೂರುವುದನ್ನು ನೋಡಿ, ತಾಳ ಕೆಳಗಿಟ್ಟು ಎಲ್ಲರೆದುರು ಕೇಳಿದಳು.

"ಸುಮಿತ್ರಾ, ಯಾಕ ಒಂಟೆ ಕೂತಂಗ ಮೂರು ಕಂತಿನಾಗ ಕೂಡ್ತಿ?"

"ಮೊಣಕಾಲು ಸ್ವಲ್ಪ..."

"ಎಷ್ಟು ದಿನದಿಂದ?"

"ಎರಡು ವರ್ಷ ಆತು."

"ಎರಡು ವರ್ಷ ಬಾಯಾಗ ಏನ್ ಇಟ್ಕೊಂಡಿದ್ದಿ, ಉಪ್ಪಿನಕಾಯಿನ?"

ಅವತ್ತು ಸಂಜೆಯೇ ಅವಳು ಮೇಲೆ ಬಂದು ಒಂದು ಪೊಟ್ಟಣ ಕೊಟ್ಟಳು. ಕೋಠಿಯ ಹತ್ತಿರದ ಒಂದು ಗಲ್ಲಿಗೆ ರವಿವಾರಕ್ಕೊಮ್ಮೆ ಒಬ್ಬ ವೈದ್ಯ ಬರುತ್ತಾನಂತೆ. ಅವಳಿಗೂ ಮಂಡಳಿಯ ಇನ್ನಿಬ್ಬರಿಗೂ ಅವನ ಪುಡಿಯಿಂದಲೇ ಕಾಲು ಬಂದದ್ದಂತೆ. "ಬರೇ ನಾರು, ಬೇರು, ತೊಪ್ಪಲ. ಇಂಗ್ಲಿಷ್ ಔಷಧ ಸಾಸವಿಯಷ್ಟೂ ಇಲ್ಲ," ಎಂದು ಆಣೆ ಇಟ್ಟು ಹೇಳಿದಳು. ಪುಡಿಗೆ ಮಣ್ಣಿನ ಬಣ್ಣ, ಅಜವಾನದ ವಾಸನೆ, ಬಾಯಿಗಿಟ್ಟರೆ ಕಹಿ. ಕಹಿಯಾದದ್ದರ ಮೇಲೆ ನಮಗೆ ಮೊದಲಿಂದಲೂ ವಿಶ್ವಾಸ ಹೆಚ್ಚು. ಸಂಕ್ರಾಂತಿಯ ಮರುದಿನ ಬಿಸಿನೀರಿನಲ್ಲಿ ಕಲಸಿ ಕುಡಿಯಲು ಶುರುಮಾಡಿದೆ. ನಾಲ್ಕನೆಯ ದಿನ ದೇವರ ಮುಂದೆ ಕೂತವಳು ಗೋಡೆ ಹಿಡಿಯದೆ ಎದ್ದುನಿಂತೆ. ಎದ್ದ ಮೇಲೆ, ಎದ್ದದ್ದು ನಾನೇ ಹೌದೋ ಎಂದು ನೋಡಲು ಇನ್ನೊಮ್ಮೆ ಕೂತು ಇನ್ನೊಮ್ಮೆ ಎದ್ದೆ.

ವಾಣಿಗೆ ಏಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ನಿಮ್ಮ ಅಮ್ಮ ಕೋಚಿಂಗ್ ಸೆಂಟರಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಬಿಸ್ಕೀಟಿನ ಪೊಟ್ಟಣ ತಂದರೂ ಮುಂಭಾಗಕ್ಕಿಂತ ಮೊದಲು ಹಿಂಭಾಗ ಓದುತ್ತಾಳೆ. ಏನೇನು ಹಾಕಿದ್ದಾರೆಂದು ಬರೆಯದ ವಸ್ತುವನ್ನು ಮನೆಯೊಳಗೆ ಬಿಡುವವಳಲ್ಲ. ಈ ಪೊಟ್ಟಣದ ಹಿಂಭಾಗದಲ್ಲಿ ಇದ್ದದ್ದು ಹಳೆಯ ಉರ್ದು ಪತ್ರಿಕೆಯ ಮದುವೆ ಜಾಹೀರಾತು. ಅವಳು ಕೇಳಿದರೆ ನಾನು ಉತ್ತರ ಹೇಳಬೇಕು. ಉತ್ತರ ಹೇಳುವುದಕ್ಕಿಂತ ಪೊಟ್ಟಣವನ್ನು ಜೀರಿಗೆ ಡಬ್ಬಿಯ ಹಿಂದೆ ಇಡುವುದು ನನಗೆ ಸುಲಭವಾಗಿ ಕಂಡಿತು.

ಪೊಟ್ಟಣ ತೀರಿದಂತೆ ಪದ್ದಕ್ಕ ಹೊಸದು ತಂದುಕೊಡುತ್ತಿದ್ದಳು. ಆಮೇಲಿನ ತಿಂಗಳುಗಳನ್ನು ನೀವೇ ನೋಡಿದ್ದೀರಿ. ನನಗೆ ಹಸಿವೆ ಹತ್ತಿತು. ಸಾದಾ ಹಸಿವೆಯಲ್ಲ, ಮದುವೆ ಮನೆಯ ಬಾಣಸಿಗನನ್ನು ಹೆದರಿಸುವಂಥದ್ದು. ಪ್ರಣವ, ನೀನು ಶಾಲೆಯಿಂದ ಬಂದು ಡಬ್ಬಿ ತೆಗೆದಾಗ ಚಕ್ಕುಲಿ ಇರುತ್ತಿರಲಿಲ್ಲ. ನೀನು ಮೇಧಾಳ ಮೇಲೆ ಜಗಳ ಕಾಯುತ್ತಿದ್ದೆ, ಅವಳು ಅಳುತ್ತಿದ್ದಳು, ನಾನು ಜಪಮಣಿ ಎಣಿಸುತ್ತ ಕೂತಿರುತ್ತಿದ್ದೆ. ಆ ಪಾಪವನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಮುಖ ದುಂಡಗಾಯಿತು, ಕುಪ್ಪಸಗಳು ಬಿಗಿಯಾದವು, ಕೈಕಾಲು ಮಾತ್ರ ಸಣ್ಣಗೇ ಉಳಿದವು. ನೆಲ ಒರೆಸಲು ಬರುವ ಯಾದಗಿರಿಯ ಮಲ್ಲಮ್ಮ ನನ್ನನ್ನೇ ನೋಡಿ ನೋಡಿ ಒಂದು ದಿನ, "ಅಜ್ಜೀರ, ಮದಿವಿಗಿದಿವಿ ಗೊತ್ತು ಮಾಡ್ಯಾರೇನ್ರಿ ನಿಮಗ? ಮುಖ ಭಾಳ ಬೆಳಗಾಕತ್ತೈತಿ," ಎಂದಳು. ಮಂಡಳಿಯಲ್ಲಿ ಎಲ್ಲರೂ ಮುಖದಲ್ಲಿ ಕಳೆ ಬಂದಿದೆ ಎಂದರು. ನಾನು ಅದನ್ನು ಜಪದ ಫಲವೆಂದು ತಿಳಿದೆ. ಮೇಧಾ, ನೀನೊಬ್ಬಳೇ ಸರಿಯಾಗಿ ನೋಡಿದವಳು. "ಅಜ್ಜಿ ಮುಖ ಪೂರಿ ಆಗ್ಯದ," ಅಂದೆ. ವಾಣಿ ನಿನಗೆ ಗದರಿದಳು. ಆಮೇಲೆ ನನ್ನ ಮುಂಗೈ ಮೇಲಿನ ನೇರಳೆ ಕಲೆಗಳನ್ನು ನೋಡಿ, "ಅತ್ಯಾ, ಎಲ್ಲೆ ಬಡಿಸಿಕೊಂಡ್ರಿ? ಒಮ್ಮೆ ರಕ್ತ ತಪಾಸ ಮಾಡಸೋಣ," ಎಂದಳು. ನಾನು ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದು ಹೋದೆ. ಮೊಣಕಾಲು ಚೆನ್ನಾಗಿದ್ದುದರಿಂದ ಆಗ ಬೇಗ ಹೋಗಲೂ ಆಗುತ್ತಿತ್ತು.

ಹೀಗೆ ಆಷಾಢ ಬಂತು. ಏಕಾದಶಿಯಿಂದ ಚಾತುರ್ಮಾಸ್ಯ. ನಮ್ಮ ಮನೆತನದಲ್ಲಿ ಮೊದಲ ತಿಂಗಳು ಶಾಕವ್ರತ; ಕಾಯಿಪಲ್ಲೆ, ಸೊಪ್ಪು, ಗಡ್ಡೆ, ಗಿಡದಿಂದ ಬರುವ ಇಂಥದ್ದು ಯಾವುದೂ ಬಾಯಿಗೆ ಇಲ್ಲ. ಬೇಳೆ, ಮೊಸರು, ಮೆಣಸಿನ ಸಾರು, ಇಷ್ಟರಲ್ಲಿ ತಿಂಗಳು ಕಳೆಯಬೇಕು. ನಿಮ್ಮ ಅಜ್ಜ ಇದ್ದಾಗಿನಿಂದ ನಾನು ಇದನ್ನು ಒಂದು ವರ್ಷವೂ ತಪ್ಪಿಸಿಲ್ಲ. ದಶಮಿಯ ದಿನ ಬೆಳಗ್ಗೆ ಪುಡಿಯ ಚಮಚ ಕೈಯಲ್ಲಿ ಹಿಡಿದು ನಿಂತಾಗ ನನಗೆ ಸಂಶಯ ಬಂತು. ಇದು ಏನು? ನಾರು, ಬೇರು, ತೊಪ್ಪಲು. ಅಂದ ಮೇಲೆ ಇದೂ ಕಾಯಿಪಲ್ಲೆಯೇ ಅಲ್ಲವೇ? ಅಡುಗೆಗೆ ಕೊತ್ತಂಬರಿಯ ಒಂದು ಎಸಳು ಬೇಡವೆಂದು ಸೊಸೆಯನ್ನು ಕಾಡುವವಳು, ಕದ್ದು ದಿನಾ ಒಂದು ಚಮಚ ಬೇರು ಕುಡಿದರೆ ಭಗವಂತನಿಗೆ ಜೀರಿಗೆ ಡಬ್ಬಿಯ ಹಿಂದಿನದು ಕಾಣುವುದಿಲ್ಲವೇ? ಆಚಾರ್ಯರನ್ನು ಕೇಳೋಣವೆಂದರೆ ಬಾಯಿ ಏಳಬೇಕಲ್ಲ. ಪದ್ದಕ್ಕನಿಗೆ ಫೋನು ಮಾಡಿದೆ.

"ಏ ಹುಚ್ಚಿ, ಔಷಧಕ್ಕ ದೋಷ ಇಲ್ಲ ಅಂತ ಶಾಸ್ತ್ರದಾಗೇ ಅದ," ಎಂದಳು. "ನಾ ಬಿಡಾಂಗಿಲ್ಲಪಾ. ನನ್ನ ಕಾಲು ನನಗ ಬೇಕು."

ಶಾಸ್ತ್ರ ಅವಳ ಕಡೆಗಿತ್ತು. ಆದರೆ ನನಗೆ ಒಳಗೊಳಗೇ ಒಂದು ಹೆಮ್ಮೆ. ಎಲ್ಲರೂ ಬಿಡುವುದು ಬದನೆಕಾಯಿ, ಬೆಂಡೆಕಾಯಿ. ನಾನು ಮೊಣಕಾಲನ್ನೇ ಬಿಡುತ್ತೇನೆ. ಒಂದು ತಿಂಗಳು ತಾನೇ? ಆರು ತಿಂಗಳು ದಿನವೂ ತಪ್ಪದೆ ಕುಡಿದದ್ದನ್ನು ಏಕಾದಶಿಯ ದಿನ ಥಟ್ಟನೆ ನಿಲ್ಲಿಸಿಬಿಟ್ಟೆ.

ಮೂರನೆಯ ದಿನಕ್ಕೆ ಮೈಯೆಲ್ಲ ನುಗ್ಗಾಯಿತು. ಐದನೆಯ ದಿನ ಅನ್ನದ ವಾಸನೆಗೇ ವಾಕರಿಕೆ. ಎದ್ದರೆ ಕಣ್ಣಿಗೆ ಕತ್ತಲೆ. ವಾಣಿ, "ಅತ್ಯಾ, ಈ ವರ್ಷ ವ್ರತ ಸಾಕು ಮಾಡ್ರಿ, ದೇವರು ಸಿಟ್ಟಾಗಂಗಿಲ್ಲ," ಎಂದು ಬೇಡಿಕೊಂಡಳು. ನಾನು ದೇವರು ನನ್ನನ್ನು ಪರೀಕ್ಷಿಸುತ್ತಿದ್ದಾನೆಂದು ತಿಳಿದೆ. ದೇವರಿಗೆ ಬೇರೆ ಕೆಲಸವಿಲ್ಲವೇ ಎಂದು ಈಗ ಅನ್ನಿಸುತ್ತದೆ. ಒಂಬತ್ತನೆಯ ದಿನ ಸಣ್ಣ ಜ್ವರ ಬಂತು, ಅದರ ಜೊತೆ ಭೇದಿ. ಮರುದಿನ ಬೆಳಗ್ಗೆ ಹಾಲು ಕಾಯಿಸಲು ನಿಂತವಳು ಅಲ್ಲೇ ಕುಸಿದೆ. ಮಲ್ಲಮ್ಮನ ಕೂಗಿಗೆ ನಿಮ್ಮ ಅಮ್ಮ ಓಡಿಬಂದಳು. ನಿಮ್ಮ ಅಪ್ಪ ಆಫೀಸಿನ ಕೆಲಸಕ್ಕೆ ಪರವೂರಿಗೆ ಹೋಗಿದ್ದ. ವಾಣಿ, ಮಲ್ಲಮ್ಮ ಇಬ್ಬರೂ ಸೇರಿ ನನ್ನನ್ನು ಕ್ಯಾಬಿಗೆ ಹಾಕಿದರು. ಹಾಲು ಉಕ್ಕಿತೋ ಏನೋ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದೆನಂತೆ.

ಆಸ್ಪತ್ರೆಯಲ್ಲಿ ಕೈಗೆ ಸಲಾಯಿನ್ ಹಚ್ಚಿದರು. ಬಿ.ಪಿ. ಇಳಿದಿದೆ ಎಂದರು, ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದರು, ಉಪ್ಪೂ ಇಳಿದಿದೆ ಎಂದರು. ಎರಡು ಬಾಟಲಿ ಹೋದರೂ ಬಿ.ಪಿ. ಏಳಲಿಲ್ಲ. ನಿಮ್ಮ ಅಮ್ಮನ ಮುಖ ಬಿಳಚಿಕೊಂಡಿತ್ತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಎರಡು ಜಡೆ ಹಾಕಿದರೆ ಶಾಲೆಗೆ ಕಳಿಸಬಹುದು. ಏನಾದರೂ ಔಷಧಿ ತೆಗೆದುಕೊಳ್ಳುತ್ತಾರೆಯೇ ಎಂದು ತೆಲುಗಿನಲ್ಲಿ ಕೇಳಿದಳು. ಎಂದಿನಂತೆ ನನ್ನ ಪರವಾಗಿ ವಾಣಿಯೇ ಉತ್ತರ ಕೊಟ್ಟಳು: "ಏಮೀ ಲೇದಂಡಿ." ಏನೂ ಇಲ್ಲ. ನಾನು ಕಣ್ಣು ಮುಚ್ಚಿದೆ.

ಡಾಕ್ಟರಮ್ಮ ಸುಮ್ಮನಾಗಲಿಲ್ಲ. ನನ್ನ ಪೂರಿ ಮುಖ ನೋಡಿದಳು. ಮುಂಗೈಯ ಕಲೆ ನೋಡಿದಳು. ತೋಳಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ವಾಣಿಯನ್ನು ಹೊರಗೆ ಕಳಿಸಿ, ನನ್ನ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲಿ ಮಾತಾಡಿದಳು. "ಅಮ್ಮಾ, ನಮ್ಮದು ಜಹೀರಾಬಾದ್. ನಮ್ಮ ಅಮ್ಮಮ್ಮ ಬೀದರ ಕಡೆಯಾಕಿ. ಜರಾ ಜರಾ ಕನ್ನಡ ಬರ್ತದ ನನಗ. ನನಗೊಂದು ಅನುಮಾನ ಅದ. ಅದಕ್ಕ ಇಂಜೆಕ್ಷನ್ ಈಗ ಕೊಡ್ತೀನಿ. ಆದ್ರ ನೀವು ಏನು ತಗೊಂಡ್ರಿ, ಎಷ್ಟು ದಿನ ತಗೊಂಡ್ರಿ, ಅದು ನನಗ ಗೊತ್ತಾಗಬೇಕು. ಗೊತ್ತಾಗಲಿಲ್ಲಂದ್ರ ಇವತ್ತು ಉಳಿಸ್ತೀನಿ, ನಾಳಿಗೆ ಮತ್ತ ಹಿಂಗ ಆಗ್ತದ. ಅವಾಗ ನಾ ಇರಂಗಿಲ್ಲ."

ಮಕ್ಕಳೇ, ಹೇಳಿದರೆ ಪದ್ದಕ್ಕನ ಹೆಸರು ಬರುತ್ತದೆ. ಹೇಳಿದರೆ ವಾಣಿಗೆ ತಿಳಿಯುತ್ತದೆ. ಆರು ತಿಂಗಳು ಅವಳ ಕೈಯ ಚಹಾ ಕುಡಿದು ಅವಳಿಂದಲೇ ಮುಚ್ಚಿಟ್ಟದ್ದು ತಿಳಿಯುತ್ತದೆ. ಹೇಳದಿದ್ದರೆ ಸಾಯುತ್ತೇನೆ. ನೀವು ನಂಬುವುದಿಲ್ಲ, ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಹೊರಗೆ ಬಾಗಿಲ ಗಾಜಿನಲ್ಲಿ ವಾಣಿ ಗೋಡೆಗೆ ಹಣೆ ಹಚ್ಚಿ ನಿಂತದ್ದು ಕಂಡಿತು. ಕೋಚಿಂಗ್ ಸೆಂಟರಿನ ಐಡಿ ಕಾರ್ಡು ಕೊರಳಲ್ಲೇ ಇತ್ತು. ಕಾಲಲ್ಲಿ ಒಂದು ಚಪ್ಪಲಿ ಅವಳದು, ಇನ್ನೊಂದು ನನ್ನದು.

"ಪುಡಿ," ಎಂದೆ.

"ಏನಂದ್ರಿ?"

"ಪುಡಿ. ಸಂಕ್ರಾಂತಿಯಿಂದ. ದಿನಾ ಒಂದು ಚಮಚಾ. ಮೊಣಕಾಲಿಗೆ. ಏಕಾದಶಿಗೆ ಬಿಟ್ಟೆ. ಜೀರಿಗಿ ಡಬ್ಬಿ ಹಿಂದ ಅದ. ನಮ್ಮ ಸೊಸಿಗೆ ಹೇಳಬ್ಯಾಡ್ರಿ."

ಡಾಕ್ಟರಮ್ಮ ನನ್ನ ಕೆನ್ನೆ ತಟ್ಟಿದಳು. "ಸಬಾಶ್" ಎಂದಳು. ಏಳು ವರ್ಷ ಶಾಲೆಯಲ್ಲಿ ಸಿಗದ ಸಬಾಶ್ ಅದು. ತಕ್ಷಣ ಹೊರಗೆ ಹೋಗಿ ಸೊಸೆಗೆ ಎಲ್ಲವನ್ನೂ ಹೇಳಿದಳು.

ಸಂಜೆಯ ಹೊತ್ತಿಗೆ ನಾನು ದಿಂಬಿಗೊರಗಿ ಕೂತು ಚಹಾ ಕೇಳಿದೆ. ಒಂದು ಸಣ್ಣ ಇಂಜೆಕ್ಷನ್ನಿಗೆ ಇಷ್ಟು ಶಕ್ತಿಯೇ ಎಂದು ನನಗೇ ಆಶ್ಚರ್ಯ. ವಾಣಿ ಪೊಟ್ಟಣ ತಂದಿದ್ದಳು. ನನಗೆ ಒಂದು ಬೈಗುಳವೂ ಬೀಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಅಳು ಬಂತು. ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತು ತಿಳಿಸಿ ಹೇಳಿದಳು. ನಮ್ಮ ಮೂತ್ರಪಿಂಡಗಳಿವೆಯಲ್ಲ, ಅವುಗಳ ತಲೆಯ ಮೇಲೆ ಟೋಪಿ ಇಟ್ಟಂತೆ ಒಂದೊಂದು ಸಣ್ಣ ಗ್ರಂಥಿ ಇದೆಯಂತೆ, ಅಡ್ರಿನಲ್ ಎಂದು ಹೆಸರು. ಬೆಳಗಾಗುವ ಮೊದಲೇ ಅವು ಕಾರ್ಟಿಸಾಲ್ ಎಂಬ ರಸ ಮಾಡಿ ರಕ್ತಕ್ಕೆ ಬಿಡುತ್ತವೆ. ನಾವು ಹಾಸಿಗೆಯಿಂದ ಏಳುವುದು, ರಕ್ತದ ಒತ್ತಡ ನಿಲ್ಲುವುದು, ಉಪವಾಸದಲ್ಲೂ ಸಕ್ಕರೆ ತೀರದಿರುವುದು, ಜ್ವರ ಬಂದರೆ ತಡೆದುಕೊಳ್ಳುವುದು, ಇಷ್ಟಕ್ಕೂ ಅದು ಬೇಕು. ಎಷ್ಟು ಮಾಡಬೇಕೆಂದು ಮೇಲಿಂದ ಹೇಳಿಕಳಿಸಲು ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಇನ್ನೊಂದು ಗ್ರಂಥಿ ಇದೆ. ರಕ್ತದಲ್ಲಿ ಸಾಕಷ್ಟು ಇದ್ದರೆ ಅದು ಸುಮ್ಮನಿರುತ್ತದೆ, ಕಡಿಮೆಯಾದರೆ ಮಾಡಿರಿ ಎಂದು ಹೇಳಿಕಳಿಸುತ್ತದೆ.

"ಈಗ ನೋಡ್ರಮ್ಮಾ," ಎಂದಳು. "ನಿಮ್ಮ ಗಲ್ಲಿ ಕೊನಿಗೆ ಕರ್ರಿ ಪಾಯಿಂಟ್ ಅದನೋ ಇಲ್ಲೋ?"

ಅದಿಲ್ಲದ ಗಲ್ಲಿ ಹೈದರಾಬಾದಿನಲ್ಲಿ ಎಲ್ಲಿದೆ? ಪಲ್ಯ, ಪಪ್ಪು, ಸಾರು ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುತ್ತಾರೆ, ಮನೆಯಲ್ಲಿ ಅನ್ನ ಮಾಡಿಕೊಂಡರಾಯಿತು.

"ಆರು ತಿಂಗಳು ದಿನಾ ಅಲ್ಲಿಂದನೇ ಬಂದ್ರ ಮನ್ಯಾಗ ಅಡಿಗಿ ಮಾಡೋರು ಏನ್ ಮಾಡ್ತಾರ?"

"ಮಾಡೋದು ಬಿಡ್ತಾರ."

"ಹಾಂ. ಒಲಿ ಆರ್ತದ, ಡಬ್ಬಿ ಖಾಲಿ ಆಗ್ತಾವ, ಕೈ ಮರೀತದ. ನಿಮ್ಮ ಪುಡಿಯಾಗ ಇದ್ದದ್ದು ಸ್ಟೆರಾಯ್ಡ್, ಕಾರ್ಟಿಸಾಲಿನ ದೊಡ್ಡಣ್ಣ. ಅದು ಹೊರಗಿಂದ ದಂಡಿಯಾಗಿ ಬರಾಕತ್ತಿದ್ದಕ್ಕ ನಿಮ್ಮ ಗ್ರಂಥಿಗೋಳು ಮಲಕೊಂಡು ಸಣ್ಣ ಆಗಿಬಿಟ್ಟಾವ. ನೀವು ಒಂದೇ ದಿನಕ್ಕ ಕರ್ರಿ ಪಾಯಿಂಟ್ ಬಂದ್ ಮಾಡಿದ್ರಿ. ಅದರ ಮ್ಯಾಲೆ ಜ್ವರ ಬಂತು. ಜ್ವರ ಅಂದ್ರ ಮನಿಗೆ ಬೀಗರು ಬಂದಂಗ, ದುಪ್ಪಟ್ಟು ಅಡಿಗಿ ಬೇಕು. ಒಳಗ ನೋಡಿದ್ರ ಒಲಿನೇ ಹತ್ತಿಲ್ಲ!"

ನನಗೆ ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಮ್ಮೆ ಬಾಯಿ ಬಿಟ್ಟವಳಿಗೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. "ಅದರಾಗ ನಾರು, ಬೇರು, ತೊಪ್ಪಲ ಇದ್ದಿಲ್ಲೇನ್ರಿ?" ಎಂದು ಕೇಳಿದೆ.

"ಎಲ್ಲಿ ಬೇರಮ್ಮಾ! ಕಾರ್ಖಾನ್ಯಾಗ ಆದ ಗುಳಿಗಿ ಅರದು, ಮ್ಯಾಲೆ ಒಂದೀಟು ಅಜವಾನ ಉದುರಿಸಿರ್ತಾರ."

"ಹಂಗಾದ್ರ ಅದು ಶಾಕವ್ರತಕ್ಕ ನಡೀತಿತ್ತು," ಎಂದೆ.

ವಾಣಿ ಮೊದಲು ನನ್ನನ್ನು ನೋಡಿದಳು, ಆಮೇಲೆ ಡಾಕ್ಟರಮ್ಮನನ್ನು. ಬೆಳಗಿನಿಂದ ತಡೆದುಕೊಂಡಿದ್ದವಳು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ನಿಮ್ಮ ಅಮ್ಮ ನನಗೆ ದಿನಾ ಸಂಜೆ ಒಂದಿಷ್ಟು ಪಾಠ ಹೇಳಿದಳು. ವಾಕಿಂಗಿಗೆ ಬರುವ ಹೆಂಗಸರೆಲ್ಲ ಶನಿಗೆ ಹೆದರಿದಂತೆ ಹೆದರುವ ಕೊಲೆಸ್ಟ್ರಾಲ್ ಇದೆಯಲ್ಲ, ಅದರಿಂದಲೇ ದೇಹ ಈ ಸ್ಟೆರಾಯ್ಡ್ ಹಾರ್ಮೋನುಗಳನ್ನು ಮಾಡುತ್ತದಂತೆ. "ಅತ್ಯಾ, ಒಂದೇ ಕಡ್ಲಿಹಿಟ್ಟಿನಾಗ ನೀವು ಝುಣಕಾ ಮಾಡ್ತೀರಿ, ಭಜಿ ಮಾಡ್ತೀರಿ, ಬುಂದೆ ಮಾಡ್ತೀರಿ. ಹಂಗ ಇದು," ಎಂದಳು. ಅದೇ ಹಿಟ್ಟಿನಿಂದ ಅಡ್ರಿನಲ್ಲು ಕಾರ್ಟಿಸಾಲ್ ಮಾಡುತ್ತದೆ. ಅಲ್ಲೇ ಪಕ್ಕದಲ್ಲಿ, ದೇಹದಲ್ಲಿ ಉಪ್ಪು ಉಳಿಸುವ ಇನ್ನೊಂದನ್ನೂ ಮಾಡುತ್ತದೆ. ಹುಡುಗನಿಗೆ ಮೀಸೆ ಬರಿಸುವುದೂ ಅದೇ ಹಿಟ್ಟು, ಹುಡುಗಿ ದೊಡ್ಡವಳಾಗುವುದೂ ಅದೇ ಹಿಟ್ಟು, ಬಸಿರು ನಿಲ್ಲುವುದೂ... ಇಲ್ಲಿಗೆ ಬಂದಾಗ ನಾನು ಸಾಕು ಸಾಕು ಎಂದು ಅವಳ ಬಾಯಿ ಮುಚ್ಚಿದೆ. ಮಕ್ಕಳಿದ್ದಾರೆ ಎಂದೆ. "ಮಕ್ಕಳಿಗೆ ಶಾಲ್ಯಾಗ ಹೇಳಿ ಆಗ್ಯದ, ಅತ್ಯಾ. ನಿಮಗಷ್ಟೇ ಉಳಿದದ," ಎಂದಳು.

ನನಗೆ ಬಹಳ ಇಷ್ಟವಾದದ್ದು ಅವು ಕೆಲಸ ಮಾಡುವ ರೀತಿ. ದೇಹದ ಪ್ರತಿ ಜೀವಕೋಶಕ್ಕೂ ಸುತ್ತ ಎಣ್ಣೆಪಸೆಯ ಒಂದು ಗೋಡೆ ಇದೆಯಂತೆ. ಬೇರೆ ಎಷ್ಟೋ ಹಾರ್ಮೋನುಗಳು ಹೊರಗೇ ನಿಂತು ಬಾಗಿಲು ಬಡಿಯುತ್ತವೆ, ಒಳಗಿನವರು ಬಂದು ಸಂದೇಶ ತೆಗೆದುಕೊಂಡು ಹೋಗಬೇಕು. ಸ್ಟೆರಾಯ್ಡುಗಳು ಕೊಬ್ಬಿನ ಮನೆತನದವು, ಬಾಗಿಲು ಬಡಿಯುವುದಿಲ್ಲ. ಗೋಡೆ ದಾಟಿ ನೇರ ಒಳಗೆ ಬಂದು, ನಡುಮನೆಯಲ್ಲಿರುವ ಯಜಮಾನನ ಹತ್ತಿರವೇ ಹೋಗಿ, ಇಂಥದ್ದು ಮಾಡು, ಇಂಥದ್ದು ನಿಲ್ಲಿಸು ಎಂದು ಹೇಳುತ್ತವೆ. ಥೇಟ್ ಪದ್ದಕ್ಕ. ನನ್ನಂಥವಳ ದೇಹದೊಳಗೆ ಇಂಥ ಎದೆಗಾರರು ಇಷ್ಟು ವರ್ಷ ಓಡಾಡುತ್ತಿದ್ದರೆಂದರೆ ನನಗೇ ನಂಬಿಕೆ ಬರಲಿಲ್ಲ.

ಪದ್ದಕ್ಕನ ನೆನಪು ಬಂದಾಗಲೇ ನನಗೆ ಇನ್ನೊಂದು ಹೊಳೆದದ್ದು. ಅವಳು ಎರಡು ವರ್ಷದಿಂದ ಅದೇ ಪುಡಿ ಕುಡಿಯುತ್ತಿದ್ದಾಳೆ, ಮಂಡಳಿಯ ಇನ್ನಿಬ್ಬರೂ ಕುಡಿಯುತ್ತಿದ್ದಾರೆ. ನಾನು ಆಸ್ಪತ್ರೆ ಸೇರಿದ ಸುದ್ದಿ ಅವರಿಗೆ ಮುಟ್ಟಿತ್ತು, ಕಾರಣ ಮುಟ್ಟಿರಲಿಲ್ಲ. ಪುಡಿಯಿಂದ ಎಂದು ಅರ್ಧ ಸುದ್ದಿ ಹೋದರೆ ಸಾಕು, ಪದ್ದಕ್ಕ ಯೋಚಿಸುವವಳಲ್ಲ, ಅವತ್ತೇ ಚೆಲ್ಲಿಬಿಡುತ್ತಾಳೆ. ನನ್ನದು ಆರು ತಿಂಗಳ ಆರಿದ ಒಲೆ, ಅವಳದು ಎರಡು ವರ್ಷದ್ದು. ವಾಣಿ, "ನಾ ಹೋಗಿ ಹೇಳ್ತೀನಿ, ಅತ್ಯಾ," ಎಂದಳು. ನಾನು ಹೂಂ ಎಂದು ಬಾಯಿ ತೆಗೆದವಳು, ಏನಾಯಿತೋ, "ಬ್ಯಾಡವಾ. ಒಬ್ಬರು ಹೇಳಿದ್ದು ಅವರಿಗೆ ಪೂರಾ ತಿಳೀದಿದ್ರ? ಬಿದ್ದಾಕಿ ನಾನು. ನಾನೇ ಹೇಳ್ತೀನಿ," ಎಂದೆ.

ಆ ಗುರುವಾರ ನಾನು ಅರ್ಧ ಗಂಟೆ ಮೊದಲೇ ಹೋಗಿ ಕೂತೆ. ಮಾತನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಎಲ್ಲರೂ ಬಂದರು, ಗಣಪತಿಯ ಭಜನೆ ಆಯಿತು, ಹನುಮಂತನದು ಆಯಿತು. ಪ್ರತಿಯೊಂದು ಮುಗಿದಾಗಲೂ ಈಗ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಮಂಗಳಾರತಿಗೆ ಬತ್ತಿ ಹಚ್ಚುತ್ತಿದ್ದಾಗ ನಾನು ಎದ್ದುನಿಂತೆ. ಚೀಟಿ ಕೈಯಲ್ಲಿ ಬೆವರಿಗೆ ತೊಯ್ದು ಅಕ್ಷರ ಹರಡಿತ್ತು.

"ಪುಡಿಯಾಗ ಬೇರಿಲ್ಲ," ಎಂದೆ. "ಅದರಾಗ ಸ್ಟೆರಾಯ್ಡ್ ಅದ. ಅದರಿಂದ ನಾ ಸಾಯ್ಲಿಕ್ಕೆ ಹೋಗಿದ್ದೆ."

ಹಿಂದಿನ ಸಾಲಿನಿಂದ ಒಬ್ಬರು, "ಅಯ್ಯ, ಸುಮಿತ್ರಾಬಾಯಿಗೆ ಧ್ವನಿ ಅದ!" ಎಂದರು. ಪದ್ದಕ್ಕನ ಮುಖ ಕೆಂಪಾಯಿತು. ಆರತಿ ತಟ್ಟೆ ಇಟ್ಟು ಒಳಗೆ ಹೋದಳು. ಎರಡೂ ಕೈಯಲ್ಲಿ ಪೊಟ್ಟಣಗಳನ್ನು ಹಿಡಿದು ಬಂದು, ಸೀದಾ ಮೋರಿಯ ಕಡೆ ನಡೆದಳು. "ಇದನ್ನ ನಾ ನಿನ್ನ ಕೈಯಾಗ ಕೊಟ್ಟೆನಲ್ಲ! ವಿಷಾ ಕೊಟ್ಟೆನಲ್ಲ! ಇವತ್ತಿಗೆ ಮುಗೀತು ಇದರ ಸಂಬಂಧ!"

ನಾನು ಓಡಿದೆ. ಪುಡಿ ಬಿಟ್ಟ ಮೊಣಕಾಲಿನಲ್ಲೇ ಓಡಿದೆ. ಮೋರಿಯ ಅಂಚಿನಲ್ಲಿ ಅವಳ ಎರಡೂ ಮುಂಗೈ ಹಿಡಿದು ಕೂಗಿದೆ. ಆ ಕೂಗು ನನ್ನದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಚೆಲ್ಲಬ್ಯಾಡ ಪದ್ದಕ್ಕಾ! ಒಮ್ಮೆಲೇ ಬಿಟ್ಟದ್ದಕ್ಕೇ ನಾ ಬಿದ್ದದ್ದು. ಯಾರೂ ಇವತ್ತ ಬಿಡಬ್ಯಾಡ್ರಿ. ಮೊದಲು ಡಾಕ್ಟರ ಕಡೆ ನಡೀರಿ. ಅವರು ಸರಿ ಗುಳಿಗಿ ಕೊಟ್ಟು, ಅಳತಿ ಮಾಡಿ, ಸಾವಕಾಶ ಇಳಸ್ತಾರ. ಆವಾಗ ಬಿಡೋದು. ಪೊಟ್ಟಣ ಕೈಯಾಗ ಹಿಡಕೊಂಡು ನಡೀರಿ!"

ಪದ್ದಕ್ಕ ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. "ನಿನಗ ಛಲೋ ಆಗಲಿ ಅಂತ ಕೊಟ್ಟೆ, ಸುಮಿತ್ರಾ," ಎಂದಳು. ನನಗೆ ಗೊತ್ತಿತ್ತು. ನೋವು ಇರುವವಳಿಗೇ ಇನ್ನೊಬ್ಬರ ನೋವು ಕಾಣುವುದು. ಎರಡು ವರ್ಷ ನನ್ನ ಕುಂಟು ಕಂಡದ್ದು ಅವಳೊಬ್ಬಳಿಗೇ. ಮರುದಿನ ಎರಡು ಆಟೋ ಮಾಡಿಕೊಂಡು ಎಲ್ಲರೂ ಆಸ್ಪತ್ರೆಗೆ ಹೋದೆವು. ಅಷ್ಟು ಬಾಯಿಯ ಪದ್ದಕ್ಕ ಡಾಕ್ಟರಮ್ಮನ ಎದುರಿಗೆ ಬಂದಾಗ ಸೆರಗು ತಿರುವುತ್ತ ಕೂತಳು. ಎಷ್ಟು ದಿನ, ಎಷ್ಟು ಚಮಚ ಎಲ್ಲ ನಾನೇ ಹೇಳಬೇಕಾಯಿತು. ರವಿವಾರ ವಾಣಿ ಆ ಕೋಠಿಯ ಗಲ್ಲಿಗೂ ಹೋಗಿಬಂದಳು. ಬಾಗಿಲಿಗೆ ಬೀಗ ಹಾಕಿತ್ತಂತೆ.

ಈಗ ನನಗೆ ಬೆಳಗ್ಗೆ ಒಂದು ಗುಳಿಗೆ, ಮಧ್ಯಾಹ್ನ ಅರ್ಧ. ಒಳಗಿನ ಒಲೆ ಹತ್ತಿಕೊಳ್ಳುತ್ತ ಬಂದ ಹಾಗೆ ಇವುಗಳನ್ನೂ ಇಳಿಸುತ್ತಾರೆ. ಎಷ್ಟು ತಿಂಗಳು ಬೇಕೆಂದು ಡಾಕ್ಟರಮ್ಮನೂ ಖಚಿತ ಹೇಳುವುದಿಲ್ಲ. ಸ್ಟೆರಾಯ್ಡ್ ಕೆಟ್ಟದ್ದಲ್ಲ, ಎಷ್ಟೋ ಜನರನ್ನು ಉಳಿಸುತ್ತದೆ, ನನ್ನನ್ನೂ ಕೊನೆಗೆ ಉಳಿಸಿದ್ದು ಅದೇ. ಯಾವುದು, ಎಷ್ಟು, ಎಲ್ಲಿಯ ತನಕ ಎಂದು ತಿಳಿದವರು ಕೊಡಬೇಕು ಎನ್ನುತ್ತಾಳೆ. ಮುಖ ಇಳಿಯುತ್ತಿದೆ. ಮಲ್ಲಮ್ಮ, "ಯಾಕ್ರಿ ಅಜ್ಜೀರ, ಮದಿವಿ ಮುರೀತೇನ್ರಿ?" ಎಂದು ಕೇಳಿದಳು. ಮೊಣಕಾಲು ಮಾತ್ರ ಮೊದಲಿನ ಸ್ಥಿತಿಗೆ ಬಂದಿದೆ. ದೀಪಾವಳಿ ಕಳೆದು, ಶಕ್ತಿ ಬಂದ ಮೇಲೆ, ಮೊಣಕಾಲಿಗೆ ಆಪರೇಷನ್ ಮಾಡಿಸೋಣ ಎಂದು ನಿಮ್ಮ ಅಪ್ಪ ಹೇಳುತ್ತಾನೆ. ಆಪರೇಷನ್ ಇರಲಿ, ದೊಡ್ಡ ಜ್ವರ ಬರಲಿ, ಎಲ್ಲಾದರೂ ಬೀಳಲಿ, ಈಕೆ ಸ್ಟೆರಾಯ್ಡ್ ತೆಗೆದುಕೊಂಡವಳು, ಈಕೆಗೆ ಹೆಚ್ಚು ಬೇಕಾಗುತ್ತದೆ ಎಂದು ಅಲ್ಲಿಯ ಡಾಕ್ಟರಿಗೆ ಮೊಟ್ಟಮೊದಲು ಹೇಳಬೇಕಂತೆ.

ನಾನೇ ಹೇಳುತ್ತೇನೆಂದು ಡಾಕ್ಟರಮ್ಮನಿಗೆ ಮಾತು ಕೊಟ್ಟಿದ್ದೇನೆ. ಕನ್ನಡಿಯ ಮುಂದೆ ಎರಡು ಸಲ ಹೇಳಿಯೂ ನೋಡಿದೆ, ಚೆನ್ನಾಗಿ ಬಂತು. ಆದರೆ ನನ್ನನ್ನು ನಾನು ಅರವತ್ತೆಂಟು ವರ್ಷದಿಂದ ಬಲ್ಲೆ. ಅಲ್ಲಿಯ ಡಾಕ್ಟರು ಗಂಡಸಾಗಿದ್ದರೆ? ಗಡ್ಡ ಬಿಟ್ಟಿದ್ದರೆ? ಅದಕ್ಕೆ ಈ ಹಾಳೆಗಳು. ನನ್ನ ಬಾಯಿ ಕಟ್ಟಿದರೆ ನೀವಿಬ್ಬರೂ ಇವನ್ನು ಮುಂದಿಡಿ. ಅವರಿಗೆ ಕನ್ನಡ ಬಾರದಿದ್ದರೆ ತೆಲುಗಿನಲ್ಲಿ ಓದಿ ಹೇಳಿ. ಇದನ್ನೆಲ್ಲ ನಿಮ್ಮ ಕೈಗೇ ಕೊಟ್ಟು, ಓದಿ ಎಂದು ಹೇಳಬೇಕೆಂದಿದ್ದೆ. ನಿನ್ನೆ ಊಟಕ್ಕೆ ಬಡಿಸುವಾಗ ಕೊಡೋಣ ಎಂದುಕೊಂಡೆ, ಆಗಲಿಲ್ಲ. ಇವತ್ತು ನೀವು ಶಾಲೆಗೆ ಹೊರಟಾಗಲೂ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಾಗಿಲ ತನಕ ಬಂದು, ನೀರಿನ ಬಾಟಲಿ ಮರೆಯಬೇಡಿ ಎಂದು ಹೇಳಿ ಒಳಗೆ ಹೋದೆ. ಹಾಗಾಗಿ ನನ್ನ ಆಸ್ಪತ್ರೆಯ ಫೈಲಿನಲ್ಲಿ, ಮೊಣಕಾಲಿನ ಎಕ್ಸ್-ರೇ ಹಿಂದೆ ಇಡುತ್ತಿದ್ದೇನೆ. ಎಂದಾದರೂ ನಿಮಗೆ ಸಿಕ್ಕರೆ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಸಿಕ್ಕಿತೆಂದು ಮಾತ್ರ ನನ್ನೆದುರಿಗೆ ಹೇಳಬೇಡಿ.